ಟ್ಯಾಂಕಿಯ ಕಾಲು

2023ರ ನವೆಂಬರಿನಲ್ಲಿ ನಮ್ಮ ಕಾಲೋನಿಯ ನೀರಿನ ಟ್ಯಾಂಕಿಯಿಂದ ಒಂದು ತುಕ್ಕಿನ ಚಕ್ಕೆ ಕೆಳಗೆ ಬಿತ್ತು. ಅಂಗೈ ಅಗಲದ್ದು. ಬಿದ್ದದ್ದು ಚಹಾ ಅಂಗಡಿಯ ತಗಡಿನ ಮಾಡಿನ ಮೇಲೆ. ಯಾರಿಗೂ ಪೆಟ್ಟಾಗಲಿಲ್ಲ, ಸದ್ದು ಮಾತ್ರ ಜೋರಾಗಿ ಬಂತು. ಆಮೇಲೆ ಕಾಲೋನಿಯಲ್ಲಿ ಎದ್ದ ಸದ್ದು ಅದಕ್ಕಿಂತ ಜೋರು!

ಆ ಭಾನುವಾರವೇ ಸೊಸೈಟಿ ಮೀಟಿಂಗು. ನಮ್ಮದು ಕೋಲ್ಕತ್ತದ ಉತ್ತರದ ಅಂಚಿನಲ್ಲಿರುವ ಹಳೇ ಕಾಲೋನಿ. ಮೊದಲು ಒಂದು ಕಾರ್ಖಾನೆಯ ಸಿಬ್ಬಂದಿಗೆಂದು ಕಟ್ಟಿದ ಮನೆಗಳು, ಕಾರ್ಖಾನೆ ಮುಚ್ಚಿದ ಮೇಲೆ ಇದ್ದವರೇ ಕೊಂಡುಕೊಂಡರು. 46 ಸಂಸಾರ. ಎಲ್ಲರಿಗೂ ಸೇರಿ ನಡುವೆ ಈ ಟ್ಯಾಂಕಿ. ನೀವೂ ರೈಲು ಸ್ಟೇಷನ್ನುಗಳಲ್ಲಿ ಇಂಥದ್ದನ್ನು ನೋಡಿರುತ್ತೀರಿ. ನಾಲ್ಕು ಅಡಿ ಚೌಕದ ಉಕ್ಕಿನ ಹಲಗೆಗಳು, ಒಂದೊಂದರ ಮೇಲೂ ಗುಣಿಸು ಚಿಹ್ನೆಯ ಹಾಗೆ ಉಬ್ಬು, ಅವನ್ನು ಬೋಲ್ಟು ಹಾಕಿ ಜೋಡಿಸಿದ ದೊಡ್ಡ ಡಬ್ಬಿ. ನಮ್ಮದು ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಎಂಟಡಿ ಆಳ. ತುಂಬಿದರೆ ಹೆಚ್ಚುಕಡಿಮೆ ತೊಂಬತ್ತು ಸಾವಿರ ಲೀಟರು, ಅಂದರೆ ತೊಂಬತ್ತು ಟನ್ ತೂಕ. ಅದನ್ನು ಹೊತ್ತು ನಿಂತಿರುವುದು ರಿವೆಟ್ ಹೊಡೆದ ಒಂಬತ್ತು ಕಾಲುಗಳು. ಎರಡನೇ ಮಹಾಯುದ್ಧಕ್ಕೂ ಮೊದಲಿನದು.

ಮೀಟಿಂಗಿನಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿಯದು ‘ಕೆಡವಿ ಗುಜರಿಗೆ ಹಾಕಿ, ಒಂದೊಂದು ಮನೆಯ ಮೇಲೂ ಪ್ಲಾಸ್ಟಿಕ್ ಟ್ಯಾಂಕಿ ಇಡೋಣ’ ಅನ್ನುವ ವಾದ. ಇನ್ನೊಂದು ಪಾರ್ಟಿಯದು ‘ಸಾಹೇಬರ ಕಾಲದ ಉಕ್ಕು, ಇನ್ನೂ ನೂರು ವರ್ಷ ಏನೂ ಆಗಲ್ಲ, ಟಾಲಾ ಟ್ಯಾಂಕಿ ನೋಡಿ’ ಅನ್ನುವ ವಾದ. ಎರಡೂ ಕಡೆಯವರಲ್ಲಿ ಒಬ್ಬರೂ ಟ್ಯಾಂಕಿಯ ಏಣಿ ಹತ್ತಿದವರಲ್ಲ.

ಕೊನೆಗೆ ಸೆಕ್ರೆಟರಿ ನನ್ನ ಕಡೆ ತಿರುಗಿದರು. “ದಾದಾ, ನೀವು ಲೋಹದ ಡಾಕ್ಟರಲ್ಲವೇ, ನೀವೇ ಹೇಳಿಬಿಡಿ. ಇಡಬೇಕಾ, ಕೆಡವಬೇಕಾ?”

“ಅಳೆಯದೆ ಹೇಳಲ್ಲ” ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಹಾಗೆ ಹೇಳಲು ನನಗೊಂದು ಹಳೇ ಕಾರಣವಿತ್ತು.

ನಾನು ಭದ್ರಾವತಿಯವನು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದರು. 1979ರಲ್ಲಿ ಡಿಪ್ಲೊಮಾ ಮುಗಿಸಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಹೌರಾ ಸ್ಟೇಷನ್ನಿನಲ್ಲಿ ಇಳಿದೆ. ಎರಡು ವರ್ಷ ಇದ್ದು ವಾಪಸು ಹೋಗುವ ಲೆಕ್ಕ. ಆ ಲೆಕ್ಕ ತಪ್ಪಿದ್ದು ನಿಮಗೆ ಗೊತ್ತೇ ಇದೆ (ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರದು ತಪ್ಪಿಲ್ಲ ಹೇಳಿ!). ಈಗ ಕಾಫಿಪುಡಿ, ಕರಿಬೇವಿಗೆ ಲೇಕ್ ಮಾರ್ಕೆಟ್ಟಿಗೆ ಹೋಗಿಬರುವುದೇ ನನ್ನ ಊರಿನ ಪ್ರಯಾಣ. ಇಲ್ಲಿ ನನ್ನ ಕೆಲಸವೆಂದರೆ ಲೋಹದ ದಪ್ಪ ಅಳೆಯುವುದು. ಬಾಯ್ಲರು, ಪೈಪು, ಎಣ್ಣೆ ಟ್ಯಾಂಕು, ಸೇತುವೆ... ತುಕ್ಕು ಎಷ್ಟು ತಿಂದಿದೆ, ಎಷ್ಟು ಉಳಿದಿದೆ ಅಂತ ಬರೆದುಕೊಡುವುದು.

1994ರಲ್ಲಿ ಒಂದು ಮಿಲ್ಲಿನವರು ತಮ್ಮ ಕೂಲಿಲೈನಿನ ನೀರಿನ ಟ್ಯಾಂಕಿ ನೋಡಲು ಕರೆದರು. ಹೆಚ್ಚುಕಡಿಮೆ ನಮ್ಮದರ ಹಾಗೇ ಇತ್ತು. ಅವತ್ತು ಗೇಜು ಬೇರೆ ಸೈಟಿಗೆ ಹೋಗಿತ್ತು. ನಾನು ಸುತ್ತಿಗೆಯಿಂದ ನಾಲ್ಕು ಕಡೆ ಕುಟ್ಟಿದೆ, ಹಾಳೆ ಹಾಳೆಯಾಗಿ ತುಕ್ಕು ಉದುರಿತು. ಮಿಲ್ಲಿನವರಿಗೂ ಗುಜರಿಯ ದುಡ್ಡಿನ ಮೇಲೆ ಕಣ್ಣಿತ್ತು, ನಮ್ಮ ಬಾಸಿಗೂ ಬೇಗ ಮುಗಿದರೆ ಸಾಕಿತ್ತು. ‘ದುರಸ್ತಿಗೆ ಮೀರಿದ ಸ್ಥಿತಿ’ ಅಂತ ಒಂದು ಸಾಲು ಬರೆದು ಸಹಿ ಹಾಕಿದೆ. ಎರಡು ತಿಂಗಳು ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಗ್ಯಾಸ್ ಕಟ್ಟರಿನವರು ಅದನ್ನು ತುಂಡು ಮಾಡುತ್ತಿದ್ದರು. ಸುಮ್ಮನೆ ಒಂದು ತುಂಡಿನ ಅಂಚಿಗೆ ಕ್ಯಾಲಿಪರ್ ಹಿಡಿದೆ. ಆರೂಕಾಲು ಮಿಲಿಮೀಟರಿನ ಹಲಗೆಯಲ್ಲಿ ಐದೂಮುಕ್ಕಾಲು ಉಳಿದಿತ್ತು! ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಉಬ್ಬುತ್ತದೆ. ಅರ್ಧ ಮಿಲಿಮೀಟರು ಹೋದರೂ ನೋಡುವವನಿಗೆ ಇಡೀ ಹಲಗೆಯೇ ಹೋದಂತೆ ಕಾಣುತ್ತದೆ. ಪಾಠದಲ್ಲಿ ಓದಿದ್ದೆ, ಕೆಲಸದ ಹೊತ್ತಿಗೆ ಮರೆತಿದ್ದೆ.

ಹೊಸ ಟ್ಯಾಂಕಿ ಕಟ್ಟುತ್ತೇವೆ ಅಂದಿದ್ದ ಮಿಲ್ಲಿನವರು ಕಟ್ಟಲೇ ಇಲ್ಲ. ಆ ಲೈನಿನ ಹೆಂಗಸರು ರಸ್ತೆಯ ಬೋರಿಂಗ್ ಪಂಪಿನ ಮುಂದೆ ಬಕೆಟ್ಟು ಸಾಲಾಗಿಟ್ಟು ಕಾಯುವುದನ್ನು ಮುಂದೆ ಎರಡು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಯಾರೂ ನನ್ನನ್ನು ಕೇಳಲಿಲ್ಲ, ಬಯ್ಯಲಿಲ್ಲ. ನನ್ನ ಸಹಿ ಅಲ್ಲಿದೆ ಅಂತ ಅವರಿಗೆ ಗೊತ್ತೂ ಇಲ್ಲ.

ಇನ್ನು ಟಾಲಾ ವಿಷಯ. ಕೋಲ್ಕತ್ತದ ಹೊರಗಿರುವವರಿಗೆ ಇದು ಅಷ್ಟು ಗೊತ್ತಿರಲಿಕ್ಕಿಲ್ಲ. ಉತ್ತರ ಕೋಲ್ಕತ್ತದಲ್ಲಿ ನೆಲದಿಂದ 110 ಅಡಿ ಎತ್ತರದಲ್ಲಿ, ಒಂದೊಂದು ಬದಿಗೂ 321 ಅಡಿ ಇರುವ ಉಕ್ಕಿನ ಟ್ಯಾಂಕಿ ಇದೆ. 1909ರಲ್ಲಿ ಅಡಿಗಲ್ಲು, 1911ರಿಂದ ನೀರು. ತೊಂಬತ್ತು ಲಕ್ಷ ಗ್ಯಾಲನ್, ಅಂದರೆ ನಾಲ್ಕು ಕೋಟಿ ಲೀಟರಿಗೂ ಮೇಲೆ. ಬರೀ ನೀರಿನ ತೂಕವೇ ನಲವತ್ತು ಸಾವಿರ ಟನ್ನು. ಪಲ್ತಾದಲ್ಲಿ ಹೂಗ್ಲಿ ನದಿಯ ನೀರು ಶುದ್ಧವಾಗಿ ಇಲ್ಲಿಗೆ ಬಂದು, ಇಲ್ಲಿಂದ ತನ್ನ ಭಾರಕ್ಕೆ ತಾನೇ ಊರಿಗೆ ಇಳಿಯುತ್ತದೆ. ಕಟ್ಟುವಾಗಲೇ ಅದನ್ನು ನಾಲ್ಕು ಕೋಣೆ ಮಾಡಿದ್ದರು. ಹಾಗಾಗಿ 2010ರ ದಶಕದ ಕೊನೆಯಲ್ಲಿ ದೊಡ್ಡ ದುರಸ್ತಿಗೆ ಕೈಹಾಕಿದಾಗ ಒಂದು ಕೋಣೆ ಖಾಲಿ ಮಾಡಿ ಕೆಲಸ, ಉಳಿದ ಮೂರರಿಂದ ಊರಿಗೆ ನೀರು! ಜಾದವಪುರ ವಿಶ್ವವಿದ್ಯಾಲಯದ ತಜ್ಞರಿಂದ ಪರೀಕ್ಷೆ ಮಾಡಿಸಿ, ಸವೆದ ಹಲಗೆ ಬದಲಿಸಿ, ಒಳಗೆ ಕುಡಿಯುವ ನೀರಿಗೆ ಹೊಂದುವ ಬಣ್ಣ ಬಳಿದು ಉಳಿಸಿಕೊಂಡರು. ‘ಅದು ಟೈಟಾನಿಕ್ ಹಡಗಿನ ಉಕ್ಕು, ಅದಕ್ಕೇ ಗಟ್ಟಿ’ ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೆಮ್ಮೆಗೆ ಅಡ್ಡಿಯಿಲ್ಲ. ಆದರೆ ಟ್ಯಾಂಕಿ ಉಳಿದದ್ದು ಹೆಸರಿನಿಂದಲ್ಲ, ಅಳೆದದ್ದರಿಂದ.

ಅದೇ ಟಾಲಾದಲ್ಲಿ ಒಂದು ಸೇತುವೆಯೂ ಇತ್ತು, 1960ರ ದಶಕದ್ದು. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಮಾಝೆರಹಾಟ್ ಸೇತುವೆ ಕುಸಿದ ಮೇಲೆ ಊರಿನ ಸೇತುವೆಗಳನ್ನೆಲ್ಲ ಪರೀಕ್ಷೆಗೆ ಹಚ್ಚಿದರು. ಟಾಲಾ ಸೇತುವೆ ಪಾಸಾಗಲಿಲ್ಲ. 2020ರಲ್ಲಿ ಕೆಡವಿದರು, 2022ರಲ್ಲಿ ಹೊಸದು ಬಂತು. ನೂರು ದಾಟಿದ್ದು ಉಳಿಯಿತು, ಅರವತ್ತು ತುಂಬದ್ದು ಹೋಯಿತು. ನಮ್ಮ ಮೀಟಿಂಗಿನ ಎರಡೂ ಪಾರ್ಟಿಯವರಿಗೆ ನಾನು ಹೇಳಿದ್ದು ಇಷ್ಟೇ. ವಯಸ್ಸು ಕೇಳಿ ತೀರ್ಮಾನ ಮಾಡಬೇಡಿ.

ಸರಿ, ಅಳತೆ ಶುರುವಾಯಿತು. ನಾನೇ ಹತ್ತುತ್ತೇನೆ ಅಂತ ಹಳೇ ಬೂಟು ಹುಡುಕುತ್ತಿದ್ದೆ. ನಮ್ಮನೆಯವಳು ಬಾಗಿಲಿಗೆ ಬಂದು, “ರೀ, ಅರವತ್ತೈದಾಯ್ತು ನಿಮಗೆ. ಹತ್ತಿದರೆ ಇವತ್ತು ಮನೇಲಿ ಊಟ ಇಲ್ಲ” ಅಂದಳು. ಸರಿ, ಹತ್ತಲಿಲ್ಲ. ನನ್ನ ಕೈಕೆಳಗೆ ಕಲಿತ ಇಬ್ಬರು ಹುಡುಗರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಹತ್ತಿದರು. ಲೆಕ್ಕ ಹಾಕಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹುಡುಗಿ ಬಂದಳು. ನನ್ನನ್ನು ‘ಕಾಕು’ ಅಂತ ಕರೆಯುತ್ತಾಳೆ, ಅಂದರೆ ಚಿಕ್ಕಪ್ಪ.

ಗೇಜು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳುತ್ತೀರಾ? ನನ್ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳಲ್ಲ, ಅದೇ. ಒಂದು ಕಡೆ ತುಕ್ಕು, ಬಣ್ಣ ಕೆರೆದು, ಸ್ಕ್ಯಾನಿಂಗಿನವರು ಹೊಟ್ಟೆಗೆ ಹಚ್ಚುತ್ತಾರಲ್ಲ ಅಂಥ ಜೆಲ್ ಹಚ್ಚಿ ಗುಂಡಿಯಂಥ ಪ್ರೋಬ್ ಇಡುತ್ತೇವೆ. ಅದು ನಮ್ಮ ಕಿವಿಗೆ ಕೇಳದ ಸದ್ದನ್ನು ಉಕ್ಕಿನೊಳಗೆ ಕಳಿಸುತ್ತದೆ. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ 5,900 ಮೀಟರ್ ಓಡುತ್ತದೆ. ಹಿಂದಿನ ಮೈಗೆ ಬಡಿದು ಎಷ್ಟು ಹೊತ್ತಿಗೆ ವಾಪಸು ಬಂತು ಅನ್ನುವುದರ ಮೇಲೆ ದಪ್ಪ ಗೊತ್ತಾಗುತ್ತದೆ. ಒಂದೇ ಕಡೆಯಿಂದ ಸಾಕು, ತೂತು ಕೊರೆಯಬೇಕಿಲ್ಲ.

ಎಲ್ಲಿ ಅಳೆಯಬೇಕು ಅನ್ನುವುದೇ ಮುಖ್ಯ. ನೀರಿನ ಮಟ್ಟ ದಿನವೂ ಏರಿಳಿಯುವ ಪಟ್ಟಿ, ಕೆಸರು ಕೂರುವ ತಳ, ನೀರಾವಿ ಹನಿಯಾಗುವ ಮುಚ್ಚಳದ ಒಳಮೈ, ಪೈಪು ಸೇರುವ ಜಾಗ, ಎರಡು ಹಲಗೆಗಳ ಸಂದು. ಹುಡುಗರು ಮೇಲಿಂದ ಕೂಗಿ ಹೇಳುತ್ತಿದ್ದರು, ನಾನು ಕೆಳಗೆ ಕೂತು ಬರೆದುಕೊಳ್ಳುತ್ತಿದ್ದೆ. ತಳದಲ್ಲಿ 5.7, 5.6. ಗೋಡೆಯಲ್ಲಿ 5.8. ನೀರಿನ ಮಟ್ಟದಲ್ಲಿ 4.9. ಮುಚ್ಚಳದ ತಗಡು ಮಾತ್ರ ಹಪ್ಪಳ. ಚಹಾ ಅಂಗಡಿಯ ಮೇಲೆ ಬಿದ್ದದ್ದು ಅದರ ಅಂಚು. ಭಾರ ಹೊರುವ ಭಾಗವಲ್ಲ, ಬದಲಿಸಿದರೆ ಮುಗಿಯಿತು. ಕಾಲುಗಳದು ಮೂಲದಲ್ಲಿ ಒಂಬತ್ತೂವರೆ ಮಿಲಿಮೀಟರಿನ ಆಂಗಲ್‌ಗಳು, ಎದೆಯೆತ್ತರದಲ್ಲಿ 9.1 ಇತ್ತು. ನನಗೆ ಒಳಗೊಳಗೇ ಖುಷಿ. ಉಳಿಸೋಣ ಅಂತ ಹೇಳಬಹುದು, 1994ರದ್ದು ಸ್ವಲ್ಪ ತೀರಿದಂತಾಯಿತು ಅಂದುಕೊಂಡೆ.

ಆಗ ಆ ಹುಡುಗಿ ಕೇಳಿದಳು. “ಕಾಕು, ನೀವು ಕೂತಿರುವ ಜಾಗದ ಕೆಳಗೆ ಏನಿದೆ?”

ನಾನು ಕೂತದ್ದು ನಮ್ಮ ಹರಟೆಕಟ್ಟೆಯ ಮೇಲೆ. ಬಂಗಾಳಿಗಳ ‘ಅಡ್ಡಾ’ ಕೇಳಿರುತ್ತೀರಿ. ಸಂಜೆಯಾದರೆ ಎಲ್ಲರೂ ಸೇರಿ ರಾಜಕೀಯ, ಫುಟ್ಬಾಲು, ಮೀನಿನ ರೇಟು ಮಾತಾಡುವ ಜಾಗ. ನಮ್ಮ ಕಾಲೋನಿಯದು ಟ್ಯಾಂಕಿಯ ರಸ್ತೆ ಕಡೆಯ ಮೂರು ಕಾಲುಗಳ ಸುತ್ತ ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ ಎರಡಡಿ ಎತ್ತರದ ಕಟ್ಟೆ. 2002ರಲ್ಲಿ ಅದಕ್ಕೆ ಟೈಲ್ಸ್ ಹಾಕಿಸಿದೆವು. ಮನೆಮನೆಗೆ ಹೋಗಿ ದುಡ್ಡು ಎತ್ತಿದವನು ನಾನೇ. ಇಪ್ಪತ್ತು ವರ್ಷ ಅದೇ ಟೈಲ್ಸ್ ಮೇಲೆ ಕೂತು, ಉಕ್ಕಿಗೆ ಬೆನ್ನು ಕೊಟ್ಟು, ಬೇರೆಯವರ ಟ್ಯಾಂಕಿಗಳ ಕಥೆ ಹೇಳಿದ್ದೇನೆ!

ಒಡೆಸಿದೆವು. ಒಳಗಿನ ಮಣ್ಣು ಡಿಸೆಂಬರಿನಲ್ಲೂ ಒದ್ದೆ. ಟ್ಯಾಂಕಿ ತುಂಬಿ ಹರಿದ ನೀರು ಕಾಲಿನ ಗುಂಟ ಇಳಿದು, ಉಕ್ಕಿಗೂ ಸಿಮೆಂಟಿಗೂ ನಡುವಿನ ಕೂದಲೆಳೆ ಸಂದಿನಲ್ಲಿ ಒಳಹೋಗಿ, ಅಲ್ಲೇ ನಿಲ್ಲುತ್ತಿತ್ತು. ಬಿಸಿಲಿಲ್ಲ, ಗಾಳಿಯಿಲ್ಲ, ಬಣ್ಣ ಬಳಿಯಲು ಕೈ ಹೋಗುವುದಿಲ್ಲ. ಗೇಜು ಇಟ್ಟರೆ 4.2. ಎರಡನೇ ಕಾಲಿನಲ್ಲಿ 3.6. ಮೂರನೆಯದರಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತುದಿ ಆಚೆ ಬಂತು.

ಒಂದು ವಿಷಯ ಬರೆಯದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಆ ಕಟ್ಟೆಯ ಟೈಲ್ಸ್ ಎರಡು ಮೂರು ವರ್ಷಕ್ಕೊಮ್ಮೆ ಬಿರುಕು ಬಿಡುತ್ತಿತ್ತು. ಒಳಗಿನ ತುಕ್ಕು ಉಬ್ಬಿ ಸಿಮೆಂಟನ್ನು ಒಡೆಯುತ್ತಿತ್ತು, ಅಂದರೆ ಕಾಲು ತನ್ನ ಕಷ್ಟ ಹೇಳುತ್ತಿತ್ತು. ನಾವು ಪ್ರತಿ ಸಲ ಮಿಸ್ತ್ರಿಯನ್ನು ಕರೆದು ‘ಮಾಲು ಸರಿಯಿಲ್ಲ’ ಅಂತ ಬಯ್ದು ಬಿರುಕು ಮುಚ್ಚಿಸುತ್ತಿದ್ದೆವು. ಹೌರಾ ಸೇತುವೆಯ ತೂಗುಕಂಬಗಳ ಬುಡಕ್ಕೆ ಜನ ಪಾನ್ ಉಗಿದೂ ಉಗಿದೂ ಆರು ಮಿಲಿಮೀಟರಿನ ಉಕ್ಕಿನ ಹೊದಿಕೆ ಮೂರಕ್ಕೆ ಇಳಿದಿತ್ತು, ಆಮೇಲೆ ಫೈಬರ್ ಗ್ಲಾಸ್ ಹೊದಿಕೆ ಹಾಕಿದರು. ಆ ಸುದ್ದಿ ಓದಿ ಇದೇ ಕಟ್ಟೆಯ ಮೇಲೆ ಕೂತು ಜನರಿಗೆ ಬುದ್ಧಿಯಿಲ್ಲ ಅಂತ ಮಾತಾಡಿದ್ದೆವು.

ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಟ್ಯಾಂಕಿ ಚೆನ್ನಾಗಿದೆ. ಆರು ಕಾಲು ಚೆನ್ನಾಗಿವೆ. ಮೂರು ಕಾಲು ಅಪಾಯದಲ್ಲಿವೆ. ಆ ಮೂರನ್ನು ಹಾಳು ಮಾಡಿದ್ದು ನಮ್ಮ ಕಟ್ಟೆ, ಅದರ ಟೈಲ್ಸಿಗೆ ದುಡ್ಡೆತ್ತಿದವನು ನಾನು. ಕೆಡವಿ ಅಂದವರೂ ಸುಮ್ಮನಾದರು, ನೂರು ವರ್ಷ ಅಂದವರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹಿರಿಯರೊಬ್ಬರು, “ಹಾಗಾದರೆ ಇನ್ನು ಮೇಲೆ ಎಲ್ಲಿ ಕೂರೋದು?” ಅಂದರು. ಬಂಗಾಳಿಗಳ ಈ ಗುಣಕ್ಕೇ ನಾನು ಇಲ್ಲಿ ಉಳಿದದ್ದು!

ಪ್ಲಾಸ್ಟಿಕ್ ಪಾರ್ಟಿಯವರ ಮಾತೂ ಪೂರ್ತಿ ತಪ್ಪಿರಲಿಲ್ಲ. ಮೊದಲ ಖರ್ಚು ಅದರಲ್ಲೇ ಕಡಿಮೆ. ಆದರೆ ಎರಡು ಸಾವಿರ ಲೀಟರಿನ ಒಂದು ಟ್ಯಾಂಕಿ ಎಂದರೆ ಎರಡು ಟನ್. ಅದನ್ನು ಹೊರುವ ನಮ್ಮ ಮಾಳಿಗೆಗಳಿಗೂ ಟ್ಯಾಂಕಿಯಷ್ಟೇ ವಯಸ್ಸು, ಅವನ್ನು ಅಳೆದವರು ಯಾರು? ಕರೆಂಟು ಹೋದರೂ ನಲ್ಲಿ ತಿರುಗಿಸಿದರೆ ನೀರು ಬರುವ ಸುಖವನ್ನೂ ಲೆಕ್ಕಕ್ಕೆ ಹಿಡಿದರು. ಕೊನೆಗೆ ಉಳಿಸುವುದು ಅಂತ ಠರಾವು ಆಯಿತು.

ಅವತ್ತೇ ನೀರಿನ ಮಟ್ಟ ಅರ್ಧಕ್ಕೆ ಇಳಿಸಿದೆವು. ಪೂರ್ತಿ ಖಾಲಿ ಮಾಡಿದರೆ ಸುರಕ್ಷಿತ ಅಂತ ನೀವು ಅಂದುಕೊಳ್ಳಬಹುದು. ಆದರೆ ಖಾಲಿ ಟ್ಯಾಂಕಿಗೆ ಬಿರುಗಾಳಿಯಲ್ಲಿ ನೆಲ ಕಚ್ಚಿ ನಿಲ್ಲುವ ತೂಕವಿರುವುದಿಲ್ಲ, ತುಂಬಿದ ಟ್ಯಾಂಕಿ ಭೂಕಂಪದಲ್ಲಿ ಹೆಚ್ಚು ಎಳೆಯುತ್ತದೆ. ಅದಕ್ಕೇ ಆ ಹುಡುಗಿ ಎರಡನ್ನೂ ಲೆಕ್ಕ ಹಾಕಿ ಕೆಲಸ ಮುಗಿಯುವವರೆಗೆ ನಾಲ್ಕಡಿ ಅಂತ ಗೆರೆ ಹಾಕಿದಳು. ಒಳಗೆ ಬಣ್ಣ ಬಳಿಯುವ ದಿನಗಳಲ್ಲಿ ಮಾತ್ರ, ಬೈಶಾಖದ ಬಿರುಗಾಳಿ ಶುರುವಾಗುವ ಮೊದಲೇ, ಖಾಲಿ ಮಾಡುವುದು ಅಂತ ಮಾತಾಯಿತು.

ಆಮೇಲೆ ಒಂದೊಂದೇ ಕಾಲು. ಪಕ್ಕದಲ್ಲಿ ತಾತ್ಕಾಲಿಕ ಊರೆ ಕೊಟ್ಟು, ಜ್ಯಾಕಿನಿಂದ ಭಾರ ಎತ್ತಿ, ಕೊಳೆತ ಮೂರಡಿ ಕತ್ತರಿಸಿ ಹೊಸ ಆಂಗಲ್ ಜೋಡಿಸುವುದು. ಮೊದಲು ಹಳೇ ಉಕ್ಕಿನ ಚೂರನ್ನು ಲ್ಯಾಬಿಗೆ ಕಳಿಸಿದ್ದೆವು. ಆ ಕಾಲದ ಉಕ್ಕಿನಲ್ಲಿ ಗಂಧಕ, ರಂಜಕ ಹೆಚ್ಚಿದ್ದರೆ ವೆಲ್ಡಿಂಗ್ ಮಾಡಿದ ಕಡೆ ಸೀಳುತ್ತದೆ. ವರದಿ ನೋಡಿದ ಮೇಲೆ ವೆಲ್ಡಿಂಗ್ ಬೇಡ ಅಂತಾಯಿತು. ರಿವೆಟ್ ಇದ್ದ ತೂತುಗಳಲ್ಲೇ ಗಟ್ಟಿ ಬೋಲ್ಟು ಹಾಕಿದೆವು. ಕಾಲುಗಳ ನಡುವಿನ ಓರೆ ಕಂಬಿಗಳು ಸಡಿಲವಾಗಿದ್ದವು, ಬಿಗಿದೆವು.

ಹಳೇ ಬಣ್ಣದ ಕೆಳಪದರ ಕೆಂಪು ಸೀಸದ್ದು. ಅದನ್ನು ಒಣದಾಗಿ ಉಜ್ಜಿದರೆ, ಬೆಂಕಿ ಹಿಡಿದರೆ ಸೀಸದ ಧೂಳು, ಹೊಗೆ ಮಕ್ಕಳ ಮೈಗೆ ಸೇರುತ್ತದೆ. ಆದ್ದರಿಂದ ಒದ್ದೆ ಮಾಡಿ ಕೆರೆದು, ಕೆಳಗೆ ತಾಡಪತ್ರಿ ಹಾಸಿ, ಉದುರಿದ್ದನ್ನೆಲ್ಲ ಚೀಲಕ್ಕೆ ತುಂಬಿ ವಿಷದ ಕಸ ಒಯ್ಯುವವರಿಗೆ ಕೊಟ್ಟೆವು. ಮಿಸ್ತ್ರಿಗಳಿಗೆ ಇದು ಅತಿಯಾಯಿತು ಅನ್ನಿಸಿತು, ನಾನು ಬಿಡಲಿಲ್ಲ. ಒಳಗೆ ಕುಡಿಯುವ ನೀರಿಗೆಂದೇ ಇರುವ ಎಪಾಕ್ಸಿ ಬಳಿದು, ಪೂರ್ತಿ ಗಟ್ಟಿಯಾಗಲು ಬಿಟ್ಟು, ತೊಳೆದು, ನೀರು ಪರೀಕ್ಷೆ ಮಾಡಿಸಿ ಆಮೇಲೆ ನಲ್ಲಿ ಬಿಟ್ಟೆವು. ಆ ದಿನಗಳಲ್ಲಿ ಕಾಲೋನಿಗೆ ಲಾರಿಯ ನೀರು. ಬಕೆಟ್ಟಿನ ಸಾಲಿನಲ್ಲಿ ನಾನೂ ನಿಂತೆ. ನಿಲ್ಲಬೇಕಾದದ್ದೇ.

ತುಂಬಿ ಹರಿಯುವ ನೀರಿಗೆ ಬೇರೆ ಪೈಪು ಹಾಕಿ ಚರಂಡಿಗೆ ಬಿಟ್ಟೆವು. ಕಾಲುಗಳ ಬುಡ ಈಗ ನೆಲದಿಂದ ಮುಕ್ಕಾಲಡಿ ಎತ್ತರದ ಕಾಂಕ್ರೀಟಿನ ಮೇಲಿದೆ, ನೀರು ನಿಲ್ಲದ ಹಾಗೆ ಸುತ್ತ ಇಳಿಜಾರು. 2024ರ ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು. ಇದು ಶಾಶ್ವತ ಅಂತ ನಾನು ಬರೆದುಕೊಟ್ಟಿಲ್ಲ. ವರ್ಷಕ್ಕೊಮ್ಮೆ ತೊಳೆದು ಕಣ್ಣಲ್ಲಿ ನೋಡುವುದು, ಮೂರು ವರ್ಷಕ್ಕೊಮ್ಮೆ ಅದೇ ಗುರುತುಗಳಲ್ಲಿ ಮತ್ತೆ ಅಳೆಯುವುದು ಅಂತ ಬರೆದಿದ್ದೇನೆ. ಒಂದು ದಿನ ಆ ಅಂಕಿಗಳೇ ಕೆಡವಿ ಅಂದರೆ ಕೆಡವಬೇಕು, ಅದಕ್ಕೂ ಸಹಿ ಹಾಕುತ್ತೇನೆ. ಅಳತೆಯ ಕಾಗದ ಸೊಸೈಟಿ ಆಫೀಸಿನ ಗೋಡೆಗೆ ಅಂಟಿಸಿದೆ, ಯಾರು ಬೇಕಾದರೂ ನೋಡಬಹುದು.

ಹೊಸ ಕಟ್ಟೆ ಹನ್ನೆರಡು ಅಡಿ ಆಚೆ, ಬೇವಿನ ಮರದ ಕೆಳಗಿದೆ. ಅಲ್ಲಿ ಕೂತರೆ ಒಂಬತ್ತೂ ಕಾಲುಗಳ ಬುಡ ಕಾಣುತ್ತದೆ. ಸಂಜೆ ಪಂಪು ಶುರುವಾದಾಗ ಮೇಲೆ ನೀರು ಬೀಳುವ ಸದ್ದು ಕೇಳುತ್ತದೆ, ನನ್ನ ಕಣ್ಣು ಮಾತ್ರ ಕೆಳಗೇ ಹೋಗುತ್ತದೆ. ನಮ್ಮನೆಯವಳು ನಗುತ್ತಾಳೆ, “ನೋಡಿದ್ದು ಸಾಕು, ಊಟಕ್ಕೆ ಬನ್ನಿ.”

ನೀವು ಮುಂಬೈಯಲ್ಲೋ ಪುಣೆಯಲ್ಲೋ ಚೆನ್ನೈಯಲ್ಲೋ ಎಲ್ಲಿದ್ದರೂ ನಿಮ್ಮ ಕಟ್ಟಡದ ಹಿಂದೆ, ರೈಲ್ವೆ ಕಾಲೋನಿಯಲ್ಲಿ, ಹಳೇ ಮಿಲ್ಲಿನ ಪಕ್ಕದಲ್ಲಿ ಇಂಥದ್ದೊಂದು ಟ್ಯಾಂಕಿ ಇರಬಹುದು. ನಾಳೆ ಹಾಲು ತರಲು ಹೋಗುವಾಗ ಒಂದು ನಿಮಿಷ ನಿಲ್ಲಿ. ಮೇಲೆ ನೋಡಬೇಡಿ, ಅದನ್ನು ಎಲ್ಲರೂ ನೋಡುತ್ತಾರೆ. ಕಾಲು ನೆಲ ಸೇರುವ ಕಡೆ ಮಣ್ಣು, ಕಸ, ಸಿಮೆಂಟು ಮುಚ್ಚಿದೆಯಾ, ಅಲ್ಲಿ ನೀರು ನಿಂತಿದೆಯಾ ನೋಡಿ. ಇದ್ದರೆ ಯಾರಿಗಾದರೂ ಹೇಳಿ. ಕೆಡವಿ ಅಂತಲ್ಲ, ಅಳೆಯಿರಿ ಅಂತ.